ಅವ್ವನಿಗೆ ಕಾಶಿಯೇ ಯಾಕೆ?

ಹೋದ ವರ್ಷ ಯುಗಾದಿಗೆ ತವರಿಗೆ ಹೋಗಿದ್ದೆ. ನವಲಗುಂದ ತಾಲೂಕಿನ ಎರೆಹೊಲದ ಊರು ನಮ್ಮದು. ಬೇವು-ಬೆಲ್ಲ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಾಗ, ಜರ್ಮನಿಯಲ್ಲಿ ನೌಕರಿ ಮಾಡುವ ನನ್ನ ತಮ್ಮನ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ನೀಲಿ ಸಮುದ್ರ, ಗುಡ್ಡದ ತುದಿಗೆ ಸುಣ್ಣ ಬಳಿದ ಮನೆಗಳು, ಕೆಳಗೆ ಬಿಳಿ ಹಡಗು. "ಅತ್ತಿ, ಗ್ರೀಸ್ ದೇಶದ ನಡುಗಡ್ಡಿಗೋಳು ಇವು. ಹಡಗದಾಗ ನಾಕು ದಿನ ತಿರಗಸ್ತಾರ. ಅಮ್ಮನ್ನ ಕರಕೊಂಡು ಬಾ" ಎಂದ. ಅಮ್ಮ ಎಂದರೆ ಅವನ ಅಜ್ಜಿ, ನನ್ನ ಅವ್ವ. ವಯಸ್ಸು 76.

ಪಡಸಾಲೆಯೆಲ್ಲ ನಕ್ಕಿತು. ನನ್ನ ತಮ್ಮ, "ಅವ್ವನ ವಯಸ್ಸಿಗೆ ಕಾಶಿ ಛೊಲೊ. ಹಡಗ ಏನ್ ಮಾಡೂದದ?" ಎಂದ. ನಾದಿನಿ ಚಾರ್‌ಧಾಮ್ ಎಂದಳು. ಸೋದರಮಾವ ರಾಮೇಶ್ವರ ಎಂದ. ಅರ್ಧ ತಾಸು ಎಲ್ಲರೂ ಅವ್ವನನ್ನು ಎಲ್ಲೆಲ್ಲಿಗೋ ಕಳಿಸಿದರು. ಬಾಗಿಲಿಗೆ ಆತುಕೊಂಡು ಕೂತಿದ್ದ ಅವ್ವನನ್ನು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ಅವಳೇ ಮೊಮ್ಮಗನನ್ನು ಒಂದು ಮಾತು ಕೇಳಿದಳು:

"ಯಪ್ಪಾ, ಆ ಹಡಗದಾಗ ಸಂಡಾಸ ಖೋಲಿಯೊಳಗ ಇರ್ತೈತೇನು?"

ಮತ್ತೆ ನಗೆ. ನನಗೆ ನಗೆ ಬರಲಿಲ್ಲ. ಪ್ರವಾಸದ ಬಗ್ಗೆ ಆ ಅರ್ಧ ತಾಸಿನಲ್ಲಿ ಬಂದ ಒಂದೇ ತಿಳಿವಳಿಕೆಯ ಪ್ರಶ್ನೆ ಅದಾಗಿತ್ತು.

ಈ ಪುಟ ಓದುವ ಅಕ್ಕ-ತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಾಯಂದಿರು ಬಸ್ ಹತ್ತುವ ದಿನ ಮುಂಜಾನೆಯಿಂದ ನೀರು ಕುಡಿಯುವುದಿಲ್ಲ. ಚಹಾ ಬೇಡ ಎನ್ನುತ್ತಾರೆ. "ಹಸಿವಿಲ್ಲ" ಎನ್ನುತ್ತಾರೆ. ದಾರಿಯಲ್ಲಿ ಗಂಡಸರು ಎಲ್ಲಿ ಬೇಕಾದರೂ ಇಳಿದು ನಿಲ್ಲಬಹುದು. ಹೆಂಗಸು ಊರು ಬರುವತನಕ ಬಿಗಿಹಿಡಿದು ಕೂಡಬೇಕು. ಅದರ ಮೇಲೆ ವಯಸ್ಸು, ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಅವ್ವ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವವರು ಯಾವತ್ತಾದರೂ ಈ ಲೆಕ್ಕ ಹಾಕಿದ್ದಾರೆಯೇ?

ಹಾಕಿಲ್ಲ. ಹಾಕಿದ್ದರೆ ಚಾರ್‌ಧಾಮ್ ಎಂಬ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ. ಕೇದಾರನಾಥ ಇರುವುದು ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿ. ಗೌರಿಕುಂಡದಿಂದ ಮೇಲೆ ಸುಮಾರು 16 ಕಿಲೋಮೀಟರ್ ಏರುದಾರಿ. ನಡೆಯಲಾರದವರು ಕುದುರೆ, ಡೋಲಿ ಇಲ್ಲವೆ ಹೆಲಿಕಾಪ್ಟರಿನಲ್ಲಿ ಹೋಗಬೇಕು. ಉಸಿರು ಕಟ್ಟುವ ಥಂಡಿ ಬೇರೆ. ಅಟ್ಟ ಹತ್ತಲಾರದ 76ರ ಮುದುಕಿಗೆ ಇದು "ವಯಸ್ಸಿಗೆ ತಕ್ಕ" ಪ್ರವಾಸ! ಒಂದೇ ಖೋಲಿ, ಅದರೊಳಗೇ ಸಂಡಾಸ, ಮೇಲೆ-ಕೆಳಗೆ ಹೋಗಲು ಲಿಫ್ಟು, ಒಮ್ಮೆ ಬಿಚ್ಚಿದ ಗಂಟು ಇಳಿಯುವತನಕ ಕಟ್ಟಬೇಕಾಗಿಲ್ಲ, ಹಾಸಿಗೆಯೇ ಊರಿಂದೂರಿಗೆ ನಡೆಯುತ್ತದೆ — ಇದು ಮಾತ್ರ ವಯಸ್ಸಿಗೆ ತಕ್ಕದ್ದಲ್ಲ!

ತಮ್ಮ ಸುಲಭಕ್ಕೆ ಬಿಡುವವನಲ್ಲ. "ಅಕ್ಕಾ, ಆ ನಡುಗಡ್ಡಿಯೊಳಗ ಭೂಕಂಪ ಆಗ್ಯಾವು" ಎಂದ. ಖರೆ. 2025ರ ಫೆಬ್ರುವರಿಯಲ್ಲಿ ಸ್ಯಾಂಟೊರಿನಿ ನಡುಗಡ್ಡೆ ಮೇಲಿಂದ ಮೇಲೆ ನಡುಗಿ ಸಾವಿರಾರು ಜನ ಊರು ಬಿಟ್ಟರು. 2013ರ ಜೂನ್‌ನಲ್ಲಿ ಕೇದಾರನಾಥದಲ್ಲಿ ಏನಾಯಿತು ಎಂದು ನಾನು ಕೇಳಿದೆ. ಅಲ್ಲಿ ಸತ್ತರೆ ಪುಣ್ಯ ಎಂದ. ಮಾತಿನ ಬೇರು ಇರುವುದು ಇಲ್ಲಿಯೇ.

ನಮ್ಮಲ್ಲಿ ವಯಸ್ಸಾದ ಹೆಂಗಸು, ಅದರಲ್ಲೂ ಗಂಡ ಸತ್ತವಳು, ಹೊಸ್ತಿಲು ದಾಟಬೇಕಾದರೆ ದೇವರ ಹೆಸರು ಹೇಳಲೇಬೇಕು. ಅದು ಅವಳ ಪರವಾನಗಿ ಚೀಟಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಸವದತ್ತಿಗೆ ಹೋಗಿದ್ದಾಳೆ, ಉಳವಿಗೆ ಹೋಗಿದ್ದಾಳೆ, ಶ್ರೀಶೈಲಕ್ಕೂ ಹೋಗಿದ್ದಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣ ಉಳಿಯಿತು. ಆಗ ಬಸ್ ತುಂಬಿದ ಹೆಂಗಸರನ್ನು ನೋಡಿ ಕಟ್ಟೆಯ ಮೇಲೆ ಕೂತವರು ಎಷ್ಟು ಆಡಿಕೊಂಡರು! ಆದರೆ ನಾನು ಕಂಡ ಮಟ್ಟಿಗೆ, ಆ ಬಸ್ಸುಗಳಲ್ಲಿದ್ದ ಮುದುಕಿಯರೆಲ್ಲ ಯಾವುದಾದರೂ ಗುಡಿಗೇ ಹೊರಟವರು. ಟಿಕೀಟು ಬಿಟ್ಟಿಯಾಯಿತೇ ಹೊರತು ಹೊಸ್ತಿಲು ಬಿಟ್ಟಿಯಾಗಲಿಲ್ಲ. "ಸುಮ್ಮನೆ ನೋಡಲಿಕ್ಕೆ ಹೊಂಟೀನಿ" ಎನ್ನುವ ಧೈರ್ಯ ಒಬ್ಬಳಿಗೂ ಇರಲಿಲ್ಲ.

ಸರಕಾರವೂ ಹಾಗೆಯೇ ಯೋಚಿಸುತ್ತದೆ. ಕಾಶಿಗೆ ಹೋಗುವವರಿಗೆಂದು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ರೈಲು ಹೊರಟಿತು. ಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನವನ್ನೂ ನಮ್ಮ ರಾಜ್ಯ ಕೊಟ್ಟಿತು. ಒಳ್ಳೆಯದೇ. ಕಾಶಿಯ ಮೇಲೆ ನನಗೆ ಸಿಟ್ಟಿಲ್ಲ. ಬಯಸಿದವರು ಹೋಗಲಿ, ನಾನೇ ಬುತ್ತಿ ಕಟ್ಟಿಕೊಡುತ್ತೇನೆ. ನನ್ನ ತಕರಾರು ಇಷ್ಟೇ: ಕಾಶಿ ಎಂದರೆ ಸಾವಿಗೆ ಸಿದ್ಧರಾಗುವ ಊರು ಎಂಬ ನಂಬಿಕೆ ನಮ್ಮದು. ಹಿರಿಯರ ಪ್ರವಾಸವೆಂದರೆ ಸಾವಿನ ತಾಲೀಮು ಎಂದು ಮಕ್ಕಳು ಮೊದಲೇ ನಿರ್ಧರಿಸಿಬಿಟ್ಟರೆ ಹೇಗೆ? ಬದುಕಿರುವವಳಿಗೆ ಇನ್ನೂ ಏನಾದರೂ ನೋಡುವ ಆಸೆ ಇರಬಾರದೇ?

ಅವ್ವನಿಗೆ ಇತ್ತು. ಆ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಕೇಳಿದೆ. ಹುಟ್ಟಿ ಐವತ್ತು ವರ್ಷ ದಾಟಿದ ಮೇಲೆ ಹಡೆದವ್ವನಿಗೆ ನಾನು ಮೊದಲ ಸಲ ಕೇಳಿದ ಪ್ರಶ್ನೆ ಅದು: "ಅವ್ವಾ, ನಿನಗ ಏನ್ ನೋಡಬೇಕಂತ ಐತಿ?"

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸಮುದ್ರ" ಎಂದಳು.

ಅವ್ವನ ತವರು ಅಣ್ಣಿಗೇರಿ. ಅವಳ ಅಜ್ಜ, ತನ್ನ ಹಿರಿಯರು ಹತ್ತಿ ಅಂಡಿಗೆ ಹೇರಿದ ಚಕ್ಕಡಿ ಕಟ್ಟಿಕೊಂಡು ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದ ಕತೆ ಹೇಳುತ್ತಿದ್ದನಂತೆ. ಕತೆ ಸುಳ್ಳಲ್ಲ. ರೈಲು ಬರುವ ಮೊದಲು ನಮ್ಮ ಭಾಗದ ಹತ್ತಿ ಕುಮಟಾ ಬಂದರಿನಿಂದ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ನಮ್ಮ ಎರೆನೆಲದ ಹತ್ತಿಗೆ ಪೇಟೆಯಲ್ಲಿ "ಕುಮಟಾ ಹತ್ತಿ" ಎಂದೇ ಹೆಸರು ಬಿದ್ದಿತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ನಮ್ಮ ಹತ್ತಿಗೆ ಬಾಯಿ ತೆರೆದು ಕೂತವು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಮಾಡುವಾಗ ಒಮ್ಮೆಯೂ ಹೊಳೆಯದ ಸಂಗತಿ ಆ ರಾತ್ರಿ ಹೊಳೆಯಿತು. ನಮ್ಮ ಹೊಲದ ಹತ್ತಿ ಸಮುದ್ರ ದಾಟಿತು. ಹತ್ತಿ ಹೇರಿದ ಗಂಡಸರು ಸಮುದ್ರ ನೋಡಿ ಬಂದು ಕತೆ ಹೇಳಿದರು. ಬಗ್ಗಿ ಬಗ್ಗಿ ಹತ್ತಿ ಬಿಡಿಸಿದ ಹೆಂಗಸರು ಕತೆ ಕೇಳಿದರು. ನಮ್ಮೂರಿನಿಂದ ಕಡಲು ಇನ್ನೂರು ಕಿಲೋಮೀಟರಿನ ಆಚೀಚೆ. 76 ವರ್ಷವಾದರೂ ಅವ್ವನಿಗೆ ಆ ದಾರಿ ತೆರೆಯಲಿಲ್ಲ, ಏಕೆಂದರೆ ಸಮುದ್ರ ನೋಡಿದರೆ ಪುಣ್ಯ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಗ್ರೀಕರ ಕತೆಯೂ ಬೇರೆಯಲ್ಲ. ಹೋಮರನ ಕಾವ್ಯದಲ್ಲಿ ಯುಲಿಸಿಸ್ ನಡುಗಡ್ಡೆಯಿಂದ ನಡುಗಡ್ಡೆಗೆ ಸುತ್ತುತ್ತಾನೆ. ಹೆಂಡತಿ ಪೆನೆಲೋಪಿ ಮಗ್ಗದ ಮುಂದೆ ಕೂತು ಕಾಯುತ್ತಾಳೆ. ತಾಯಿ ಅವನ ಕೊರಗಿನಲ್ಲೇ ಸಾಯುತ್ತಾಳೆ.

ಹಾಗೆಂದು ಅವ್ವನನ್ನು ಹಡಗಿಗೆ ಹತ್ತಿಸಿ, ಫೋಟೊ ತೆಗೆದು, ನೌಕರಿಯವರ ಬಳಗಕ್ಕೆಲ್ಲ ಕಳಿಸುವ ಮಕ್ಕಳ ಪಕ್ಷವೂ ನನ್ನದಲ್ಲ. ಅವರೂ ಕೇಳುವುದಿಲ್ಲ. ಪುಣ್ಯಕ್ಕಾಗಿ ಒಯ್ಯುವವರಿಗೆ ಅವ್ವ ಒಂದು ನೆವ. ಪ್ರತಿಷ್ಠೆಗಾಗಿ ಒಯ್ಯುವವರಿಗೂ ನೆವವೇ. ಅಳಿಯ ನೋಡಲಿ, ಬೀಗರು ನೋಡಲಿ ಎಂದು ಒಯ್ದು, ಬಿಸಿಲಲ್ಲಿ ನಡೆಸಿ, "ನಗು ಅವ್ವಾ" ಎಂದು ನಿಲ್ಲಿಸಿದರೆ ಅದು ಚಾರ್‌ಧಾಮ್‌ಗಿಂತ ಕಡಿಮೆ ಹಿಂಸೆಯಲ್ಲ.

ಆದ್ದರಿಂದ ನಾನು ಕೂತು ಆರಿಸಿದೆ. ಪಾಠದ ಟಿಪ್ಪಣಿ ಬರೆಯುವ ಹಾಗೆ ಒಂದು ವಹಿಯಲ್ಲಿ ಬರೆದುಕೊಂಡೆ. ಜುಲೈ-ಆಗಸ್ಟ್ ಬೇಡ, ಆಗ ಆ ಸಮುದ್ರದ ಮೇಲೆ ಬಡಗಣ ಗಾಳಿ ಜೋರು, ಹಡಗು ಹೊಯ್ದಾಡುತ್ತದೆ. ಬೇಸಿಗೆಯ ಬಿಸಿಲೂ ಹಾಗೆಯೇ: 2023ರಲ್ಲೂ 2024ರಲ್ಲೂ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡವನ್ನು ಕೆಲವು ದಿನ ಮಧ್ಯಾಹ್ನ ಮುಚ್ಚಬೇಕಾಯಿತು. ನಮ್ಮ ದಸರೆ ರಜೆ ಅಕ್ಟೋಬರಿನಲ್ಲಿ. ಆಗ ಬಿಸಿಲೂ ಇಳಿದಿರುತ್ತದೆ, ಜನವೂ ಕಡಿಮೆ. ಸ್ಯಾಂಟೊರಿನಿಯಲ್ಲಿ ಹಡಗು ದಂಡೆಗೆ ಹತ್ತುವುದಿಲ್ಲ. ನಡುನೀರಿನಲ್ಲಿ ಸಣ್ಣ ದೋಣಿಗೆ ಇಳಿಯಬೇಕು. ಅಲ್ಲಿಂದ ಊರಿಗೆ ಸುಮಾರು 600 ಮೆಟ್ಟಿಲು, ಇಲ್ಲವೆ ತಂತಿಯ ಮೇಲಿನ ತೊಟ್ಟಿಲುಗಾಡಿ. ಅದಕ್ಕೆ ಸರತಿ ಸಾಲು. ಅಂಥ ಕಡೆ ಅವ್ವ ಇಳಿಯುವುದಿಲ್ಲ, ಹಡಗಿನಿಂದಲೇ ಬಿಳಿ ಮನೆ ನೋಡುತ್ತಾಳೆ. ರೋಡ್ಸ್‌ನಲ್ಲಿ ಹಡಗು ಹಳೆಯ ಕೋಟೆಯ ಹತ್ತಿರವೇ ದಂಡೆಗೆ ನಿಲ್ಲುತ್ತದೆ, ಅಲ್ಲಿ ಇಳಿಯಬಹುದು. ಖೋಲಿ ಸಣ್ಣದಾದರೂ ಅಡ್ಡಿಯಿಲ್ಲ, ಕಿಟಕಿ ಬೇಕೇ ಬೇಕು. ಸಮುದ್ರ ನೋಡಲು ಹೋದವಳಿಗೆ ಗೋಡೆ ತೋರಿಸಿ ದುಡ್ಡು ಉಳಿಸಬಾರದು. ಹಡಗು ನಡುವೆ ತುರ್ಕಸ್ತಾನಕ್ಕೂ ಹೋಗುವುದಾದರೆ ಅದರ ವೀಸಾ ಬೇಕೋ ಬೇಡವೋ ಮೊದಲೇ ಕೇಳಿಕೊಳ್ಳಬೇಕು. ಗ್ರೀಸಿನ ವೀಸಾ ಕೂಡ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದಿರಬೇಕು. ಕನಿಷ್ಠ 30,000 ಯುರೋ ಖರ್ಚು ಭರಿಸುವ ಆರೋಗ್ಯ ವಿಮೆ ಇಲ್ಲದೆ ವೀಸಾವೇ ಇಲ್ಲ; ವಯಸ್ಸಾದವರಿಗೆ ಅದರ ಕಂತು ಹೆಚ್ಚು, ಹಳೆಯ ಕಾಯಿಲೆ ಸೇರಿದೆಯೋ ಇಲ್ಲವೋ ಎಂದು ಓದಿಯೇ ಸಹಿ ಮಾಡಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬೇಕೆಂದರೆ ಹಡಗಿನವರನ್ನು ಮೊದಲೇ ಕೇಳಬೇಕು. ಧಾರವಾಡ ಪೇಡೆ ಮಾತ್ರ ಬಿಟ್ಟೇ ಹೋಗಬೇಕು. ಪ್ರಯಾಣಿಕರು ಹೊರಗಿನಿಂದ ಹಾಲಿನ ಪದಾರ್ಥ ಒಯ್ಯಲು ಯುರೋಪು ಬಿಡುವುದಿಲ್ಲ.

ದುಡ್ಡಿನ ಮಾತೂ ಬಂತು. "ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಅಕ್ಕಾ. ಮಗಳ ದುಡ್ಡಿನ್ಯಾಗ ಅವ್ವ ಪರದೇಶಕ್ಕ ಹೋದ್ರ ಮಂದಿ ನನಗ ಏನಂದಾರು?" ಎಂದ ತಮ್ಮ. ಮೂವತ್ತು ವರ್ಷ ಸೀಮೆಸುಣ್ಣದ ಧೂಳು ಕುಡಿದು ಗಳಿಸಿದ ಹಣ ನನ್ನದು. ಇದೇ ಮಗಳ ದುಡ್ಡು ತಮ್ಮನ ಓದಿಗೆ ಬಂದಾಗ, ಮನೆಯ ಮಾಳಿಗೆ ಸೋರಿದಾಗ ಬಂದಾಗ ಮಂದಿ ಏನೂ ಅಂದಿರಲಿಲ್ಲ. ಅವ್ವನ ಸಂತೋಷಕ್ಕೆ ಖರ್ಚಾಗುವಾಗ ಮಾತ್ರ ಅದಕ್ಕೆ ಹೆಣ್ಣಿನ ವಾಸನೆ ಬಂತು. ತಮ್ಮ ಆಮೇಲೆ ನನ್ನ ಜೊತೆ ಮಾತು ಬಿಟ್ಟ. ದೀಪಾವಳಿಗೆ ಕರೆಯಲೂ ಇಲ್ಲ. ಅದು ನೋಯುತ್ತದೆ, ನೋಯುವುದಿಲ್ಲ ಎಂದು ಸುಳ್ಳು ಹೇಳಲಾರೆ.

ಅಷ್ಟು ದೂರ ಹೋಗುವ ಮೊದಲು ಒಂದು ತಾಲೀಮು ಬೇಕೆನಿಸಿತು. ಅವ್ವನಿಗೆ ನೀರಿನ ಭಯ ಇದೆಯೋ, ಎಷ್ಟು ಹೊತ್ತು ಕೂಡಬಲ್ಲಳೋ ನೋಡಬೇಕಲ್ಲ. ಡಿಸೆಂಬರಿನ ಒಂದು ರವಿವಾರ ಹುಬ್ಬಳ್ಳಿಯಿಂದ ಕಾರವಾರದ ಬಸ್ ಹತ್ತಿದೆವು. ಇಬ್ಬರಿಗೂ ಶೂನ್ಯದ ಟಿಕೀಟು. ಕಲಘಟಗಿಯಲ್ಲಿ, ಯಲ್ಲಾಪುರದಲ್ಲಿ, ಅಂಕೋಲೆಯಲ್ಲಿ ಇಳಿಸಿ ಸಂಡಾಸಿಗೆ ಕರೆದೊಯ್ದೆ. ಒಂದು ಬಸ್ ಬಿಟ್ಟರೆ ಇನ್ನೊಂದು. ಅರಬೈಲ್ ಘಟ್ಟ ಇಳಿಯುವಾಗ ಅವ್ವ ಕಿಟಕಿಗೆ ಹಣೆ ಹಚ್ಚಿ ಕೂತಳು. ಬಾಟಲಿಯ ನೀರು ಪೂರಾ ಕುಡಿದಿದ್ದಳು. ಪ್ರವಾಸದಲ್ಲಿ ಅವಳು ನೀರು ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ದಂಡೆಯ ಮೇಲೆ ನೌಕಾಪಡೆಯ ಹಳೆಯ ಹಡಗು ಚಾಪಲ್ ಅನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಅದರ ಕಡೆ ಅವ್ವ ತಿರುಗಿಯೂ ನೋಡಲಿಲ್ಲ. ಸೀರೆ ಮೊಣಕಾಲಿನವರೆಗೆ ಎತ್ತಿ ನೀರಿಗೆ ಇಳಿದಳು. ಕೈಯಲ್ಲಿ ನೀರು ತಗೊಂಡು ನಾಲಗೆಗೆ ಹಚ್ಚಿ ಮುಖ ಕಿವುಚಿದಳು. ಆಮೇಲೆ, "ಇಷ್ಟ ದೊಡ್ಡದು ಐತೆಂತ ಯಾರೂ ನನಗ ಹೇಳಲೇ ಇಲ್ಲಲ್ಲ ಯವ್ವಾ" ಎಂದಳು. ಆ ಮಾತಿನಲ್ಲಿ ಸಿಟ್ಟಿತ್ತು. 76 ವರ್ಷದ ಸಿಟ್ಟು.

ಹಿಂದಿರುಗುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು: "ಅಷ್ಟು ದೂರ ಹೋಗಿ ನಾ ಸತ್ರ ಏನ್ ಮಾಡ್ತಿ?" ಡೆಲೋಸ್ ಎಂಬ ನಡುಗಡ್ಡೆಯ ಕತೆ ಹೇಳಿದೆ. ಆ ಕಡೆಯದೇ. ಕ್ರಿಸ್ತಪೂರ್ವ 426ರಲ್ಲಿ ಅಥೆನ್ಸಿನವರು ಅದನ್ನು ಪವಿತ್ರ ಮಾಡುತ್ತೇವೆಂದು ಅಲ್ಲಿದ್ದ ಗೋರಿಗಳನ್ನೆಲ್ಲ ತೆಗೆಸಿದರು. ಇನ್ನು ಮುಂದೆ ಇಲ್ಲಿ ಯಾರೂ ಹಡೆಯಬಾರದು, ಯಾರೂ ಸಾಯಬಾರದು ಎಂದು ಅಪ್ಪಣೆ ಮಾಡಿದರು. ದಿನ ತುಂಬಿದ ಬಸುರಿಯನ್ನೂ, ಸಾಯುವ ಸ್ಥಿತಿಯವರನ್ನೂ ಪಕ್ಕದ ನಡುಗಡ್ಡೆಗೆ ಸಾಗಿಸಬೇಕಿತ್ತು.

ಅವ್ವ ನಕ್ಕು, "ಹಂಗಾದ್ರ ನನ್ನ ಅಲ್ಲೇ ಬಿಟ್ಟು ಬಾ, ಸಾಯೂ ತ್ರಾಸ ಇರೂದಿಲ್ಲ" ಎಂದಳು. ಆಮೇಲೆ ನಗೆ ನಿಲ್ಲಿಸಿ, "ಅವರೂ ನಮ್ಮ ಹಂಗ ಬಿಡು. ಮುದುಕರನ್ನ ಕಣ್ಮರಿ ಮಾಡೂದೇ" ಎಂದಳು.

ಅವಳ ಪಾಸ್‌ಪೋರ್ಟ್ ಬಂದಿದೆ. ಹುಟ್ಟಿದ ದಿನ ಜೂನ್ 1 ಎಂದಿದೆ. ಆಧಾರಿನಲ್ಲಿ ಯಾರೋ ಅಂದಾಜಿಗೆ ಬರೆದದ್ದೇ ಇದರಲ್ಲೂ ಬಂದಿದೆ. ಹೊರದೇಶಕ್ಕೆ ಹೋಗಲು ಇಲಾಖೆಯ ಅನುಮತಿಗೆ ನಾನು ಅರ್ಜಿ ಹಾಕಿದ್ದೇನೆ. ಬೆಂಗಳೂರಿಗೆ ಹೋಗಿ ವೀಸಾಕ್ಕೆ ಬೆರಳಚ್ಚು ಕೊಡುವುದು ಬಾಕಿ ಇದೆ. ಈ ದಸರೆಗೆ ಹೊರಡಬೇಕೆಂದು ನಮ್ಮ ನಿಶ್ಚಯ.

ಎಲ್ಲರೂ ಗ್ರೀಸಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಎಲ್ಲರ ಕೈಯಲ್ಲೂ ಅಷ್ಟು ಹಣವಿಲ್ಲ, ಎಲ್ಲರ ಅವ್ವಂದಿರಿಗೂ ಸಮುದ್ರ ಬೇಕಾಗಿಲ್ಲ. ಒಬ್ಬಳಿಗೆ ಜೋಗ ಬೇಕಾದೀತು, ಒಬ್ಬಳಿಗೆ ಬಾಲ್ಯದ ಗೆಳತಿಯ ಊರು, ಇನ್ನೊಬ್ಬಳಿಗೆ ಕಾಶಿಯೇ ಬೇಕಾದೀತು. ನನ್ನ ಜಗಳ ಇಷ್ಟಕ್ಕೇ: ಮೊದಲು ಕೇಳಿ. ಪಡಸಾಲೆಯಲ್ಲಿ ಎಲ್ಲರ ಮುಂದೆ ಕೇಳಬೇಡಿ. ಅಲ್ಲಿ ಅವಳು "ನಂದೇನೈತಿ, ನೀವು ಹೇಳಿದಂಗ" ಎನ್ನುತ್ತಾಳೆ. ರಾತ್ರಿ ಒಬ್ಬಳೇ ಇದ್ದಾಗ ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಅವಳು ಬಾಯಿ ಬಿಡಲು ಹೊತ್ತು ಹಿಡಿಯುತ್ತದೆ. ಯಾಕೆಂದರೆ ಈ ಮೊದಲು ಅವಳನ್ನು ಯಾರೂ ಕೇಳಿರುವುದಿಲ್ಲ.