ಕಡಲು ಬೆಸೆದ ನಂಟು

ಇಂಗ್ಲೆಂಡಿನ ಪ್ಲಿಮತ್ ಮತ್ತು ಫ್ರಾನ್ಸಿನ ಬ್ರೆಸ್ಟ್ ನೌಕಾನೆಲೆಗಳಿರುವ ಎರಡು ಬಂದರುಗಳು. ನಡುವಿನ ಅಂತರ ಸುಮಾರು 220 ಕಿಲೋಮೀಟರ್. ಎರಡನೆಯ ಮಹಾಯುದ್ಧದ ಬೆಂಕಿಯಲ್ಲಿ ಎರಡೂ ಬೆಂದವು. 1941ರಲ್ಲಿ ಜರ್ಮನ್ ವಿಮಾನಗಳು ಪ್ಲಿಮತ್‌ನ ನಡುಭಾಗವನ್ನು ನೆಲಸಮಗೊಳಿಸಿದವು. ಜರ್ಮನರ ವಶದಲ್ಲಿದ್ದ ಬ್ರೆಸ್ಟ್ ಮೇಲೆ ಬಾಂಬು ಸುರಿದವರಲ್ಲಿ ಬ್ರಿಟಿಷರೂ ಇದ್ದರು. 1944ರ ಮುತ್ತಿಗೆಯಲ್ಲಿ ಅಳಿದುಳಿದ ಊರೂ ಮಣ್ಣುಗೂಡಿತು. ಇಂತಹ ಎರಡು ಊರುಗಳು 1963ರಲ್ಲಿ ಸೋದರ ನಗರಗಳಾದವು.

ಯುದ್ಧಾನಂತರ ಯುರೋಪಿನಲ್ಲಿ ಹಬ್ಬಿದ ಪದ್ಧತಿಯಿದು. ಒಂದು ಊರಿನ ಮಕ್ಕಳು, ಆಟಗಾರರು, ಹಾಡುಗಾರರು ಇನ್ನೊಂದು ಊರಿಗೆ ಹೋಗಿ, ಅಲ್ಲಿಯವರ ಮನೆಗಳಲ್ಲಿ ಉಂಡು ಮಲಗಿ ಬರುತ್ತಾರೆ. ಹಗೆ ಮರೆಸಲು ಇದಕ್ಕಿಂತ ಸರಳ ಉಪಾಯವಿಲ್ಲ. ಆದರೆ ಹಾರ, ಭಾಷಣ, ಔತಣಗಳಿಗೆ ಮುಗಿಯುವ ಸಖ್ಯವು ಸಾಕೇ? ಈ ಪ್ರಶ್ನೆಯನ್ನು ಕೇಳಿದ್ದು ಸ್ವತಃ ಕಡಲು.

1967ರ ಮಾರ್ಚ್ 18ರಂದು ಟೊರ್ರಿ ಕ್ಯಾನ್ಯನ್ ಎಂಬ ತೈಲಹಡಗು ಇಂಗ್ಲೆಂಡಿನ ನೈಋತ್ಯ ತುದಿಯ ಬಂಡೆಗಳಿಗೆ ಅಪ್ಪಳಿಸಿತು. ಅದರಲ್ಲಿದ್ದುದು ಸುಮಾರು 1,19,000 ಟನ್ ಕಚ್ಚಾತೈಲ. ಇಂಗ್ಲೆಂಡಿನ ದಡವನ್ನು ಮಸಿಮಾಡಿದ ಆ ತೈಲ ಗಡಿಯನ್ನು ಕೇಳದೆ ಫ್ರಾನ್ಸಿನ ಬ್ರಿಟನಿ ತೀರವನ್ನೂ ಮುಟ್ಟಿತು. ಇಂಗ್ಲೆಂಡಿನಲ್ಲಿ ಅದನ್ನು ತೊಳೆಯಲು ಸುಮಾರು 10,000 ಟನ್ ಮಾರ್ಜಕ ಸುರಿದರು. 1888ರಿಂದ ಪ್ಲಿಮತ್‌ನಲ್ಲಿರುವ ಸಾಗರ ಜೀವಶಾಸ್ತ್ರ ಪ್ರಯೋಗಾಲಯದ ವಿಜ್ಞಾನಿಗಳು ದಡದುದ್ದಕ್ಕೂ ಪರೀಕ್ಷಿಸಿ, ತೈಲಕ್ಕಿಂತ ಮಾರ್ಜಕವೇ ಹೆಚ್ಚು ಜೀವಿಗಳನ್ನು ಕೊಂದಿತೆಂದು ತೋರಿಸಿದರು. ಬಂಡೆಗೆ ಅಂಟಿ ಪಾಚಿ ಮೇಯುವ ಚಿಪ್ಪುಜೀವಿಗಳು ಸತ್ತವು. ಮೇಯುವವರಿಲ್ಲದೆ ಪಾಚಿ ಬೆಳೆದು ಬಂಡೆಯನ್ನೇ ಮುಚ್ಚಿತು. ಮಾರ್ಜಕ ಬಿದ್ದ ದಡಗಳು ಚೇತರಿಸಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಳೆನಾಶಕ, ಕೀಟನಾಶಕಗಳನ್ನು ಕಂಡವರಿಗೆ ಈ ಕಥೆ ಹೊಸದೇನಲ್ಲ.

1978ರ ಮಾರ್ಚ್ 16ರಂದು ಸರದಿ ಬ್ರಿಟನಿಯದಾಯಿತು. ಬ್ರೆಸ್ಟ್‌ಗೆ ಉತ್ತರದ ಪೋರ್ಸಾಲ್ ಬಳಿ ಅಮೋಕೊ ಕ್ಯಾಡಿಜ್ ಹಡಗು ಒಡೆದು ಎರಡು ಲಕ್ಷ ಟನ್ನಿಗೂ ಮಿಕ್ಕಿ ತೈಲ ಚೆಲ್ಲಿತು. ಸಿಂಪಿ ಕೃಷಿ ಹಾಳಾಯಿತು, ಸಾವಿರಾರು ಕಡಲಹಕ್ಕಿಗಳು ಸತ್ತವು. ಈ ಬಾರಿ ಆಳವಿಲ್ಲದ ನೀರಿಗೆ ರಾಸಾಯನಿಕ ಸುರಿಯದಂತೆ ಮಿತಿ ಹಾಕಿಕೊಳ್ಳಲಾಯಿತು. ಒಂದು ದಡದ ತಪ್ಪು ಇನ್ನೊಂದು ದಡಕ್ಕೆ ಪಾಠವಾಯಿತು. ಬ್ರಿಟನಿಯ ಹಳ್ಳಿ-ಪಟ್ಟಣಗಳು ಒಂದಾಗಿ ಅಮೆರಿಕದ ನ್ಯಾಯಾಲಯದಲ್ಲಿ ಹೋರಾಡಿ, 1992ರಲ್ಲಿ ಪರಿಹಾರ ಪಡೆದವು. ತೈಲಮಾಲಿನ್ಯವನ್ನು ಎದುರಿಸುವ ತಜ್ಞ ಕೇಂದ್ರವೊಂದು ಬ್ರೆಸ್ಟ್‌ನಲ್ಲೇ ಸ್ಥಾಪನೆಯಾಯಿತು.

ಇವುಗಳನ್ನು ಸೋದರ ನಗರದ ಒಪ್ಪಂದವೇ ಮಾಡಿಸಿತೆಂದು ಹೇಳಲಾಗದು. ಮಾಡಿದವರು ವಿಜ್ಞಾನಿಗಳು, ಬೆಸ್ತರು, ಪಂಚಾಯತಿಗಳು. ಆದರೆ ಒಪ್ಪಂದಕ್ಕೆ ನಿಜವಾದ ಕೆಲಸ ಯಾವುದೆಂಬುದನ್ನು ಇವು ತೋರಿಸಿಕೊಟ್ಟಿವೆ. ಒಂದೇ ನೀರನ್ನು ನಂಬಿದವರ ಸ್ನೇಹವು ಆ ನೀರಿನ ಕಾವಲಾಗಬೇಕು.

ಬ್ರಿಟನ್ ಯುರೋಪಿನ ಒಕ್ಕೂಟವನ್ನು ತೊರೆದ ಮೇಲೆ ಈ ನಂಟಿಗೆ ಪೆಟ್ಟು ಬಿದ್ದಿತು. 2021ರ ಅಕ್ಟೋಬರಿನಿಂದ ಫ್ರೆಂಚ್ ಮಕ್ಕಳಿಗೆ ಗುರುತುಚೀಟಿ ಸಾಲದೆ ಪಾಸ್‌ಪೋರ್ಟ್ ಬೇಕಾಯಿತು; ಶಾಲಾ ಪ್ರವಾಸಗಳು ಕುಸಿದವು. 2023ರ ಡಿಸೆಂಬರಿನಲ್ಲಿ ಫ್ರೆಂಚ್ ಶಾಲಾ ತಂಡಗಳಿಗೆ ಆ ನಿಯಮವನ್ನು ಸಡಿಲಿಸಬೇಕಾಯಿತು. ನಾಳೆ ಆ ಕಡಲನ್ನು ಕಾಯಬೇಕಾದವರು ಈ ಮಕ್ಕಳೇ. ಎದುರು ದಡದ ಮನೆಯಲ್ಲಿ ಒಮ್ಮೆ ಉಂಡವರು ತಮ್ಮ ಕೊಳೆಯನ್ನು ಅತ್ತ ತೇಲಿಬಿಡುವ ಮುನ್ನ ಒಂದು ಗಳಿಗೆ ಯೋಚಿಸುತ್ತಾರೆ. ಗಡಿಗಳು ನಕ್ಷೆಯಲ್ಲಿರಲಿ, ನೀರಿಗೆ ಅವು ತಿಳಿಯವು.