ಅಳತೆಯ ಲೆಕ್ಕಗಳಿಗೆ ಅವಧಿ ಗೊತ್ತುಮಾಡುವ ವಿಚಾರ

ಈಚೆಗೆ ಜಮೀನುಗಳಲ್ಲಿ ಮಳೆಯನ್ನೂ ಮಣ್ಣಿನ ತೇವವನ್ನೂ ತಾವಾಗಿಯೇ ಅಳೆಯುವ ಯಂತ್ರಗಳು ಬಳಕೆಗೆ ಬಂದಿವೆ. ಕಾಲುಗಂಟೆಗೊಂದರಂತೆ ಅಳೆದರೆ ಒಂದೇ ಯಂತ್ರವು ದಿನಕ್ಕೆ 96, ವರ್ಷಕ್ಕೆ 35,040 ಅಳತೆಗಳನ್ನು ಗಣಕಯಂತ್ರದ ದತ್ತಾಂಶ ಭಂಡಾರಕ್ಕೆ ಸೇರಿಸುವುದು. ಇವೆಲ್ಲವನ್ನೂ ಚಿರಕಾಲ ಇಟ್ಟುಕೊಳ್ಳುವುದು ವ್ಯರ್ಥವಾದ ವೆಚ್ಚವೇ ಸರಿ.

ಮಾಂಗೋಡಿಬಿ ಎಂಬ ಭಂಡಾರದಲ್ಲಿ ಇಂತಹ ಕಾಲಾನುಕ್ರಮದ ಅಳತೆಗಳಿಗೆ 2021ರಿಂದ ಪ್ರತ್ಯೇಕ ಸಂಗ್ರಹವುಂಟು. ಮಾಂಗೂಸ್ ಎಂಬ ಸಿದ್ಧ ಆದೇಶಗಳ ಲೈಬ್ರರಿಯ ಮೂಲಕ ಅದಕ್ಕೆ ಸೆಕೆಂಡುಗಳ ಲೆಕ್ಕದಲ್ಲಿ ಅವಧಿ ಗೊತ್ತುಮಾಡಬಹುದು. 90 ದಿನಕ್ಕೆ 77,76,000. ಅಳತೆಗಳು ಕಟ್ಟುಕಟ್ಟಾಗಿ ಇರುವುದರಿಂದ, ಒಂದು ಕಟ್ಟಿನ ಕೊನೆಯ ಅಳತೆಗೂ ಅವಧಿ ಮೀರಿದ ತರುವಾಯ ಆ ಕಟ್ಟು ಯಾರ ಅಪ್ಪಣೆಯನ್ನೂ ಕಾಯದೆ ಅಳಿಯುವುದು.

ಏರ್ಪಾಡು ಮೆಚ್ಚತಕ್ಕದ್ದೇ. ಆದರೆ ಯಂತ್ರಕ್ಕೆ ಅಳತೆಯ ವಯಸ್ಸು ತಿಳಿಯುವುದೇ ಹೊರತು ಬೆಲೆ ತಿಳಿಯದು. ನಾಳೆ ನೀರು ಹಾಯಿಸುವವನಿಗೆ ಮೂರು ತಿಂಗಳ ಹಿಂದಿನ ತೇವ ಬೇಡ. ಪ್ರದೇಶದ ವಾಡಿಕೆಯ ಮಳೆಯನ್ನು ನಿಶ್ಚಯಿಸುವುದಕ್ಕಾದರೋ 30 ವರ್ಷಗಳ ಲೆಕ್ಕ ಬೇಕು. ಕಳೆದ ವರ್ಷದ ಮಳೆಯನ್ನು ಈ ವರ್ಷ ಅಳೆಯಲಾದೀತೆ?

ಆದುದರಿಂದ ಪ್ರತಿದಿನದ ಮಳೆಯ ಮೊತ್ತವನ್ನೂ ತೇವದ ಸರಾಸರಿಯನ್ನೂ ಅವಧಿಯಿಲ್ಲದ ಬೇರೊಂದು ಸಂಗ್ರಹಕ್ಕೆ ಇಳಿಸಿದ ಮೇಲೆಯೇ ಮೂಲ ಅಳತೆಗಳು ಅಳಿಯತಕ್ಕದ್ದೆಂಬುದು ನನ್ನ ಅಭಿಪ್ರಾಯ. ಗ್ರಾಮದ ಮುಖಂಡರೂ ಜಮೀನುದಾರರೂ ಯಂತ್ರವನ್ನು ಕೊಳ್ಳುವ ಮುನ್ನವೇ, ಅವಧಿ ಎಷ್ಟೆಂಬುದನ್ನೂ ಮೊತ್ತ ಎಲ್ಲಿ ಉಳಿಯುವುದೆಂಬುದನ್ನೂ ಮಾರುವವರಿಂದ ಬರಹದ ಮೂಲಕ ಪಡೆದುಕೊಳ್ಳುವುದು ಯುಕ್ತವು.