ಅಗ್ಗದ ಎಣ್ಣೆಗೆ ತೆರುವ ಮಣ್ಣಿನ ಬೆಲೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಿರಾಣಿ ಅಂಗಡಿಗಳಲ್ಲಿ ಬಿಕರಿಯಾಗುವ ಪಾಮೋಲಿನ್ ಎಣ್ಣೆಗೂ ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂತಾನ್ ಪ್ರದೇಶಗಳ ಜೌಗು ನೆಲಕ್ಕೂ ಸಂಬಂಧವಿದೆ. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಕಾರ್ಖಾನೆ, ವಾಹನಗಳ ಹೊಗೆಗೆ ದೊರೆಯುವ ಗಮನ ಈ ಮಣ್ಣಿಗೆ ದೊರೆತಿಲ್ಲ.

ಸಾವಿರಾರು ವರ್ಷ ನೀರಿನಲ್ಲಿ ಮುಳುಗಿ, ಪೂರ್ತಿ ಕೊಳೆಯದೆ ಉಳಿದ ಮರ, ಬೇರು, ಎಲೆಗಳ ದಪ್ಪ ಪದರವೇ ಪೀಟ್ ಮಣ್ಣು. ನೀರು ನಿಂತಿರುವವರೆಗೆ ಅದು ಇಂಗಾಲದ ಖಜಾನೆ. ಕಾಲುವೆ ತೋಡಿ ನೀರು ಬಸಿದೊಡನೆ ಗಾಳಿ ಒಳಹೊಕ್ಕು ಕೊಳೆಯುವಿಕೆ ಆರಂಭವಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಾರಜನಕ ಗೊಬ್ಬರ ಸುರಿದರೆ ಅದಕ್ಕಿಂತ ಸುಮಾರು 270 ಪಟ್ಟು ತಾಪಕಾರಕವಾದ ನೈಟ್ರಸ್ ಆಕ್ಸೈಡ್ ಕೂಡ ಸೇರಿಕೊಳ್ಳುತ್ತದೆ. ಐಪಿಸಿಸಿಯ 2013ರ ಮಾರ್ಗಸೂಚಿಯಂತೆ, ಬಸಿದ ಪೀಟ್ ನೆಲದ ಒಂದು ಹೆಕ್ಟೇರ್ ತಾಳೆ ತೋಟದಿಂದ ವರ್ಷಕ್ಕೆ 11 ಟನ್ ಇಂಗಾಲ, ಅಂದರೆ ಸುಮಾರು 40 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಬೆಂಕಿಯ ಲೆಕ್ಕ ಇದರಿಂದ ಹೊರತು. 1990ರ ದಶಕದ ಮಧ್ಯದಲ್ಲಿ ಸುಹಾರ್ತೊ ಸರ್ಕಾರ ಮಧ್ಯ ಕಾಲಿಮಂತಾನ್‌ನ ಸುಮಾರು 10 ಲಕ್ಷ ಹೆಕ್ಟೇರ್ ಪ್ರದೇಶವನ್ನು ಭತ್ತದ ಗದ್ದೆಯಾಗಿಸಲು ಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಯೋಜನೆ ವಿಫಲವಾಯಿತು, ಒಣಗಿದ ನೆಲ 1997ರಲ್ಲಿ ಹೊತ್ತಿ ಉರಿಯಿತು. 2015ರಲ್ಲಿ ಇಂಡೋನೇಷ್ಯಾದ ಪೀಟ್ ನೆಲಗಳು ಮತ್ತೆ ಉರಿದವು.

ಇದರಲ್ಲಿ ನಮ್ಮ ಪಾಲೇನು? ತಾಳೆ ಎಣ್ಣೆ ಆಮದಿನಲ್ಲಿ ಭಾರತಕ್ಕೆ ಜಗತ್ತಿನಲ್ಲೇ ಮೊದಲ ಸ್ಥಾನ. ಎಲ್ಲ ತಾಳೆಯೂ ಪೀಟ್ ನೆಲದಲ್ಲಿ ಬೆಳೆಯುವುದಿಲ್ಲ. ಹೆಕ್ಟೇರಿಗೆ ಅಷ್ಟು ಎಣ್ಣೆ ಕೊಡುವ ಬೆಳೆ ಇನ್ನೊಂದಿಲ್ಲವೆಂಬುದೂ ನಿಜ. ಆದರೆ ಬಸಿದ ನೆಲದ ನಷ್ಟ ಎಣ್ಣೆಯ ಬೆಲೆಯಲ್ಲಿ ಸೇರಿಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚವೆಂದು ಹೆಸರು. ಈ ವೆಚ್ಚವನ್ನು ಮುಚ್ಚಿಟ್ಟ ಎಣ್ಣೆಯೊಡನೆ ನಮ್ಮ ಎರೆಭೂಮಿಯ ಕುಸುಬೆ ಪೈಪೋಟಿ ನಡೆಸಬೇಕಾಗಿದೆ.

ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆಯ ಜೊತೆ ಅಕ್ಕಡಿ ಸಾಲಾಗಿ ಬೆಳೆಯುವ ಕುಸುಬೆ ಆಳಕ್ಕೆ ಬೇರಿಳಿಸಿ ಮಣ್ಣಿನಲ್ಲಿ ಉಳಿದ ತೇವದಲ್ಲೇ ಬದುಕುತ್ತದೆ. ಅದಕ್ಕೆ ಕಾಲುವೆಯೂ ಬೇಡ, ಕಾಡು ಕಡಿಯುವುದೂ ಬೇಡ. ಧಾರವಾಡ ಸೀಮೆಯ ಅಣ್ಣಿಗೇರಿ ಸಂಶೋಧನಾ ಕೇಂದ್ರ ಅದರ ತಳಿಗಳನ್ನೂ ನೀಡಿದೆ. ಆದರೂ ಕುಸುಬೆಯ ವಿಸ್ತೀರ್ಣ ಕುಗ್ಗುತ್ತಲೇ ಬಂದಿದೆ.

ಇದು ರೈತನ ತಪ್ಪಲ್ಲ. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ದೇಶವನ್ನು ಸ್ವಾವಲಂಬನೆಯ ಸನಿಹ ತಂದಿತ್ತು. 1994ರ ನಂತರ ಆಮದಿಗೆ ಬಾಗಿಲು ತೆರೆದು, ಸುಂಕವನ್ನು ಹಂತಹಂತವಾಗಿ ಇಳಿಸಲಾಯಿತು. ಈಚಿನ ನಿದರ್ಶನವನ್ನೇ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಶೇ 20ಕ್ಕೆ ಏರಿಸಿದ ಕೇಂದ್ರ ಸರ್ಕಾರ, 2025ರ ಮೇ ಅಂತ್ಯದಲ್ಲಿ ಶೇ 10ಕ್ಕೆ ಇಳಿಸಿತು. ಬೈಲಹೊಂಗಲದ ರೈತ ಸೋಯಾ ಬಿತ್ತನೆಗೆ ಅಣಿಯಾಗುವ ಕಾಲವದು. ಎಣ್ಣೆಕಾಳುಗಳಿಗಾಗಿ 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂಪಾಯಿಗಳ ಮಿಷನ್‌ಗೆ ಒಪ್ಪಿಗೆ ನೀಡಿದ್ದೂ ಇದೇ ಸರ್ಕಾರ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದರೆ ಯೋಜನೆಗಳು ಕಡತದಲ್ಲಷ್ಟೇ ಯಶಸ್ವಿಯಾಗುತ್ತವೆ ಎಂಬುದನ್ನು ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಬಲ್ಲೆ.

ಪಾಮೋಲಿನ್ ನಿಷೇಧ ಪರಿಹಾರವಲ್ಲ. ಅದರ ಮೊದಲ ಪೆಟ್ಟು ಬಡವನ ಅಡುಗೆಮನೆಗೆ ಬೀಳುತ್ತದೆ. ಆದರೆ ಮೂರು ಕ್ರಮಗಳು ಸಾಧ್ಯ. ಸುಂಕ ನೀತಿಯನ್ನು ಬಿತ್ತನೆಗೆ ಮೊದಲೇ ಪ್ರಕಟಿಸಿ ಇಡೀ ಹಂಗಾಮಿಗೆ ಸ್ಥಿರವಾಗಿಡಬೇಕು. ಪೀಟ್ ನೆಲದ್ದಲ್ಲವೆಂದು ಪ್ರಮಾಣೀಕೃತವಾದ ತಾಳೆ ಎಣ್ಣೆಗೆ ಮಾತ್ರ ಸುಂಕ ರಿಯಾಯಿತಿ ದೊರೆಯಬೇಕು. ಕುಸುಬೆಗೆ ಬೆಂಬಲ ಬೆಲೆ ಘೋಷಿಸಿದರಷ್ಟೇ ಸಾಲದು, ಸವದತ್ತಿ, ರಾಮದುರ್ಗದ ಮಾರುಕಟ್ಟೆಗಳಲ್ಲಿ ಸುಗ್ಗಿಯ ಹೊತ್ತಿಗೆ ಖರೀದಿಯೂ ನಡೆಯಬೇಕು. ಎರೆ ಹೊಲದ ಎಣ್ಣೆಗೆ ನ್ಯಾಯವಾದ ಬೆಲೆ ನಿರಾಕರಿಸುತ್ತಾ, ದೂರದೇಶದ ನೆಲ ಉರಿಯುತ್ತಿದೆಯೆಂದು ಮರುಗುವುದರಲ್ಲಿ ಅರ್ಥವಿಲ್ಲ.